ಒಂದು ಚೊಂಬು ನೀರಿದ್ರೆ ಕಪ್ ಬಳಸಬಹುದಾ?

ಇಯರ್‌ಫೋನ್ ಇಲ್ಲದಿದ್ರೂ ಪರವಾಗಿಲ್ಲ, ಜೋರಾಗೇ ಹಾಕ್ಕೊಳ್ಳಿ. ಮನೇಲಿ ಉಳಿದವರ ಕಿವಿಗೂ ಬೀಳಲಿ.

ಇವತ್ತು ಮುಟ್ಟಿನ ಕಪ್ ವಿಷಯ. ಆರೋಗ್ಯ ಇಲಾಖೆ 'ಮೈತ್ರಿ' ಹೆಸರಲ್ಲಿ ಕಪ್ ಹಂಚೋ ಪ್ರಯೋಗಕ್ಕೆ ಆರಿಸಿಕೊಂಡಿದ್ದು ಎರಡು ಜಿಲ್ಲೆ: ದಕ್ಷಿಣ ಕನ್ನಡ, ನಮ್ಮ ಚಾಮರಾಜನಗರ. ಅಲ್ಲಿ ಸುರಿಯೋ ಮಳೆ ಎಲ್ಲಿ, ನಮ್ಮ ಹನೂರಿನ ಬೇಸಿಗೆ ಎಲ್ಲಿ! ಕೊಳ್ಳೇಗಾಲದ ಪಕ್ಕದಲ್ಲೇ ಕಾವೇರಿ ಹರೀತಾಳೆ, ಆದ್ರೆ ಮಾದಪ್ಪನ ಬೆಟ್ಟದ ಸುತ್ತಿನ ಊರುಗಳಲ್ಲಿ, ಯಳಂದೂರಿನ ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ ಹೆಂಗಸರು ಕೇಳೋದು ಒಂದೇ: "ತೊಳೆಯೋಕೆ ನೀರು ಎಲ್ಲಿಂದ ತರೋದವ್ವ?"

ನನಗನ್ನಿಸೋದು, ನೀರು ಕಡಿಮೆ ಇರೋರಿಗೇ ಕಪ್ ಹೆಚ್ಚು ಅನುಕೂಲ. ಬಟ್ಟೆ ಒಗೆಯೋಕೆ ಬಕೆಟ್ ಬೇಕು, ಬಿಸಿಲಲ್ಲಿ ಒಣಗಿಸೋಕೆ ಮರೆ ಬೇಕು. ಕಪ್‌ನ 12 ಗಂಟೆಯೊಳಗೆ ಒಂದು ಸಲ ಖಾಲಿ ಮಾಡಿದ್ರಾಯ್ತು. ಸ್ರಾವ ಜಾಸ್ತಿ ಇದ್ರೆ ಇನ್ನೂ ಬೇಗ.

ಇರೋದೇ ಒಂದು ಚೊಂಬು ನೀರು ಅಂದ್ಕೊಳ್ಳಿ. ಅದು ಮೊದಲು ಸೋಪಿನ ಜೊತೆ ಕೈಗೆ. ಸೋಂಕು ಹೆಚ್ಚಾಗಿ ಬರೋದೇ ಕೈಯಿಂದ. ಉಳಿದಿದ್ದರಲ್ಲಿ ಕಪ್. ಕುಡಿಯೋಕೆ ಆಗೋ ನೀರು ಮಾತ್ರ, ಹಳ್ಳದ್ದು ಬೇಡ. ಮನೇಲಿ ಕುದಿಸಿ ಆರಿಸಿದ ನೀರನ್ನ ಬಾಟಲಲ್ಲಿ ಇಟ್ಕೊಂಡ್ರೆ ಕೂಲಿಗೆ, ಕಾಲೇಜಿಗೆ ಹೋದಾಗ ಚಿಂತೆ ಇಲ್ಲ. ಅದೂ ಇಲ್ವಾ? ಖಾಲಿ ಮಾಡಿ, ಶುಭ್ರವಾದ ಬಟ್ಟೆಯಲ್ಲಿ ಒರೆಸಿ ಹಾಕ್ಕೊಳ್ಳಿ, ಮನೆಗೆ ಬಂದು ತೊಳೀರಿ. ಡೆಟಾಲ್, ಎಣ್ಣೆ ಹತ್ತಿರಕ್ಕೂ ಬೇಡ.

ಇನ್ನು ಕುದಿಸೋದು. ಇಲ್ಲೇ ಜಗಳ ಶುರು. ಮುಟ್ಟಾದವಳು ಒಲೆ ಮುಟ್ಟಂಗಿಲ್ಲ ಅನ್ನೋ ಮನೆಗಳು ಇನ್ನೂ ಇವೆ, ನನಗೆ ಅದರ ಮೇಲೆ ಸಿಟ್ಟೂ ಇದೆ. ಆದ್ರೆ ಸಿಟ್ಟು ಇಳಿಯೋವರೆಗೆ ಕಾಯೋಕಾಗಲ್ಲವಲ್ಲ! ಸಮಾಧಾನ ಏನಂದ್ರೆ, ಕಪ್ ಕುದಿಸಬೇಕಿರೋದು ಮುಟ್ಟು ಶುರುವಾಗೋ ಮುಂಚೆ, ಮತ್ತೆ ಮುಗಿದ ಮೇಲೆ. ನಡುವಿನ ದಿನ ಒಲೆ ಹತ್ತಿರ ಹೋಗೋದೇ ಬೇಡ. ಅದಕ್ಕೇ ಅಂತ ಸಣ್ಣ ಸ್ಟೀಲ್ ಪಾತ್ರೆ, ಕಪ್ ಮುಳುಗೋಷ್ಟು ನೀರು, 5ರಿಂದ 10 ನಿಮಿಷ. ತಳ ಹಿಡಿದ್ರೆ ಸಿಲಿಕೋನ್ ಸುಡುತ್ತೆ, ನೋಡ್ಕೊಳ್ಳಿ. ಬೋರ್‌ವೆಲ್ ನೀರಾದ್ರೆ ಬಿಳಿ ಪೊರೆ ಕೂರಬಹುದು, ಅದು ಸುಣ್ಣದಂಶ, ಹೆದರಬೇಡಿ. ಒಣಗಿಸಿ ಬಟ್ಟೆ ಚೀಲದಲ್ಲಿಡಿ, ಗಾಳಿಯಾಡದ ಡಬ್ಬಿ ಬೇಡ.

ಕಾಪರ್-ಟಿ ಹಾಕಿಸಿಕೊಂಡಿರೋರು ಮೊದಲು ಡಾಕ್ಟರ್‌ನ ಕೇಳಿ. ಕಪ್ ಎಳೆಯುವಾಗ ಅದೂ ಜಾರಬಹುದು. ಕಪ್ ಹಾಕಿದಾಗ ಜೋರು ಜ್ವರ, ವಾಂತಿ, ತಲೆಸುತ್ತು, ಮೈಮೇಲೆ ಕೆಂಪು ಗಂಧೆ ಬಂದ್ರೆ ತಕ್ಷಣ ತೆಗೆದು ಆಸ್ಪತ್ರೆಗೆ ಹೊರಡಿ. ತೀರಾ ಅಪರೂಪ, ಆದ್ರೆ ಬೆಳಗಾಗಲಿ ಅಂತ ಕಾಯೋ ಕಾಯಿಲೆ ಅಲ್ಲ.

ಮತ್ತೆ, ಅಕ್ಕ-ತಂಗಿ ಆದ್ರೂ ಒಂದೇ ಕಪ್ ಹಂಚ್ಕೋಬೇಡಿ. ಮೊದಲ ಸಲ ರಜಾ ದಿನ ಮನೇಲೇ ಹಾಕಿ ನೋಡಿ. ಕೂರಲಿಲ್ಲ ಅಂದ್ರೆ ಬಿಡಿ, ಮುಂದಿನ ತಿಂಗಳು ನೋಡಿದ್ರಾಯ್ತು.