ಬೇಸಿಗೆಯಲ್ಲೇ ಮಳೆಗಾಲದ ಅಡುಗೆ



ಅಡುಗೆ ಬೇಗ ಮುಗಿಸುವ ಉಪಾಯ ಬೇಕೆಂದು ಮೊಬೈಲ್ ತೆರೆದರೆ ಸಾಲುಸಾಲು ವಿಡಿಯೋ ಸಿಗುತ್ತವೆ. ಹೆಚ್ಚಿನವು ಒಂದೇ ಮಾತಿನಿಂದ ಶುರುವಾಗುತ್ತವೆ: ಹಿಂದಿನವರಿಗೆ ಪುರುಸೊತ್ತು ಇತ್ತು, ನಮಗೆ ಇಲ್ಲ. ಈ ಮಾತು ಎಷ್ಟು ಪೊಳ್ಳು ಎಂದು ತಿಳಿಯಲಿಕ್ಕೆ ಕಾರವಾರ, ಅಂಕೋಲೆಯ ಯಾವ ಹಳೆಯ ಅಡುಗೆಮನೆಯಾದರೂ ಸಾಕು. ನಾನು ಕಾಳಿ ನದಿಯ ದಡದ ಹಣಕೋಣದ ಕಡೆಯ ಅಡುಗೆಮನೆಯನ್ನೇ ಹಿಡಿದು ಮಾತಾಡುತ್ತೇನೆ.

ಅಲ್ಲಿಯ ಹೆಂಗಸಿನ ದಿನವನ್ನು ನೋಡಿ. ಬಾವಿಯಿಂದ ನೀರು ಸೇದಬೇಕು, ಬೆಟ್ಟದಿಂದ ಸೌದೆ ಹೊರಬೇಕು. ಮಳೆ ಬಿತ್ತೆಂದರೆ ಗದ್ದೆಯಲ್ಲಿ ನೆಟ್ಟಿ. ಭತ್ತ ಕುಟ್ಟುವುದು, ಕೊಟ್ಟಿಗೆ, ಮಕ್ಕಳು, ಬುಟ್ಟಿ ಹೊತ್ತು ಮೀನು ಮಾರುವುದು ಬೇರೆ. ಇಷ್ಟರ ನಡುವೆ ಬೆಳಿಗ್ಗೆ ಗಂಜಿ, ಮಧ್ಯಾಹ್ನ ಅನ್ನ ಮತ್ತು ಹುಮಣ ಎಂಬ ಮೀನಿನ ಸಾರು, ರಾತ್ರಿ ಮತ್ತೆ ಊಟ. ಇವಳಿಗೆ ಪುರುಸೊತ್ತು ಎಲ್ಲಿಂದ ಬರಬೇಕು? ಪುರುಸೊತ್ತು ಇಲ್ಲದ್ದರಿಂದಲೇ ಆಕೆ ಉಪಾಯ ಕಂಡುಕೊಂಡಳು. ಆ ಉಪಾಯ ನಡೆಯುತ್ತಿದ್ದದ್ದು ಗಡಿಯಾರದ ಲೆಕ್ಕದಲ್ಲಲ್ಲ, ಪಂಚಾಂಗದ ಲೆಕ್ಕದಲ್ಲಿ.

ನಮ್ಮ ಕರಾವಳಿಯ ಅಡುಗೆಗೆ ಜೂನ್ ತಿಂಗಳು ಒಂದು ಗೋಡೆ. ಇವತ್ತು ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿದೆ. ಸರ್ಕಾರದ ಆದೇಶ ಬರುವ ಮೊದಲು ಸಮುದ್ರವೇ ಆ ನಿಷೇಧ ಹೇರುತ್ತಿತ್ತು. ಸಂತೆಯಲ್ಲಿ ತರಕಾರಿ ಇಲ್ಲ, ಸೌದೆ ಒದ್ದೆ, ಹೊರಗೆ ಕಾಲಿಡಲಿಕ್ಕೆ ಆಗದ ಮಳೆ. ಹಾಗಾಗಿ ಮಾರ್ಚಿನಿಂದ ಮೇ ಮುಗಿಯುವವರೆಗೆ ಅಂಗಳವೇ ಅಡುಗೆಮನೆ ಆಗುತ್ತಿತ್ತು. ಬಂಗಡೆ, ತಾರ್ಲೆ, ಸಿಗಡಿ ಉಪ್ಪು ಹಚ್ಚಿಕೊಂಡು ಒಣಗುತ್ತಿದ್ದವು. ಮುರುಗಲ ಹಣ್ಣು ಒಡೆದು, ಸಿಪ್ಪೆಯನ್ನು ಅದರದೇ ರಸದಲ್ಲಿ ಮತ್ತೆ ಮತ್ತೆ ಅದ್ದಿ, ಕಪ್ಪಾಗುವ ತನಕ ಬಿಸಿಲಿಗೆ ಇಡುತ್ತಿದ್ದರು. ಹುಣಸೆಯನ್ನು ಬೀಜ ತೆಗೆದು ಉಪ್ಪು ಬೆರೆಸಿ ಉಂಡೆ ಕಟ್ಟುತ್ತಿದ್ದರು. ಹಲಸಿನ ಸೊಳೆ ಉಪ್ಪುನೀರಿಗೆ, ಮಾವಿನ ಮಿಡಿ ಭರಣಿಗೆ, ಹಪ್ಪಳ ಡಬ್ಬಿಗೆ. ಆಷಾಢದ ಒಂದು ಸಂಜೆ ಒಣಮೀನನ್ನು ಕೆಂಡದ ಮೇಲೆ ಸುಟ್ಟು, ತೆಂಗಿನಕಾಯಿ, ಮೆಣಸು, ಹುಳಿ ಕೂಡಿಸಿ ಕಿವುಚಿದರೆ ಗಂಜಿಗೆ ನಂಚಿಕೊಳ್ಳುವುದು ಹತ್ತು ನಿಮಿಷದಲ್ಲಿ ತಯಾರು. ಆ ಹತ್ತು ನಿಮಿಷದ ಹಿಂದೆ ಏಪ್ರಿಲ್ ತಿಂಗಳ ನಾಲ್ಕಾರು ಬಿಸಿಲು ಇದೆ.

ಇಲ್ಲಿ ಒಂದು ಮಾತು ಪಕ್ಕಕ್ಕೆ. ಈ ಎಲ್ಲ ದಾಸ್ತಾನಿಗೂ ಆಧಾರ ಉಪ್ಪು. ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದದ್ದು 1930ರ ಏಪ್ರಿಲ್‌ನಲ್ಲಿ. ದಾಂಡಿಯ ಬೆನ್ನಿಗೇ ನಡೆಯಿತು ಎಂದು ಇತಿಹಾಸದ ಪುಸ್ತಕಗಳು ಹೇಳುತ್ತವೆ, ಸರಿಯೇ. ಆದರೆ ನಮ್ಮ ಕಡೆಯ ಮನೆಗಳಿಗೆ ವರ್ಷದಲ್ಲೇ ಅತಿ ಹೆಚ್ಚು ಉಪ್ಪು ಬೇಕಾಗುವ ತಿಂಗಳೂ ಅದೇ. ಉಪ್ಪಿನ ಕರದ ಭಾರ ಏನೆಂದು ಅಂಕೋಲೆಯ ಅಡುಗೆಮನೆಗೆ ಯಾರೂ ವಿವರಿಸಬೇಕಾಗಿರಲಿಲ್ಲ ಎಂಬುದು ನನ್ನ ಅಂದಾಜು.

ಇನ್ನು ದಿನನಿತ್ಯದ ಕೆಲಸಕ್ಕೆ ಬರೋಣ. ಅದರಲ್ಲಿ ರಟ್ಟೆ ಬೀಳಿಸುತ್ತಿದ್ದದ್ದು ರುಬ್ಬುವ ಕಲ್ಲು. ಕೊಂಕಣಿ ಮಾತಾಡುವ ಮನೆಗಳಲ್ಲಿ ಅದು ರಗಡೋ. ತೆಂಗಿನಕಾಯಿ ಇಲ್ಲದೆ ಇಲ್ಲಿ ಅಡುಗೆಯೇ ಇಲ್ಲ, ಅರೆಯದೆ ತೆಂಗಿನಕಾಯಿಗೆ ಬೆಲೆ ಇಲ್ಲ. ಈ ಕಲ್ಲಿನ ಮುಂದೆ ಕೂತವರು ಕಂಡುಕೊಂಡ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮೊದಲು ಬಿಳಿಯದು, ಅಂದರೆ ಚಟ್ನಿಯ ಕಾಯಿ. ಅದನ್ನು ಬಳಿದು ತೆಗೆದ ಮೇಲೆ ಕಲ್ಲು ತೊಳೆಯುವುದಿಲ್ಲ. ಬಿಸಿನೀರಲ್ಲಿ ನೆನೆದ ಒಣಮೆಣಸು, ಕೊತ್ತಂಬರಿ, ಹುಣಸೆ, ಅರಿಶಿನ ಬೀಳುತ್ತವೆ. ಅವು ನುಣ್ಣಗಾಗುವ ಹೊತ್ತಿಗೆ ಕಾಯಿತುರಿ. ಕಾಯಿ ಇನ್ನೂ ತರಿತರಿಯಾಗಿ ಇರುವಾಗಲೇ ಒಂದು ಮುಷ್ಟಿ ತೆಗೆದಿಟ್ಟರೆ ಪಲ್ಯಕ್ಕೋ ಸುಕ್ಕೆಗೋ ಆಯಿತು. ಉಳಿದದ್ದನ್ನು ಬೆಣ್ಣೆಯ ಹಾಗೆ ಅರೆದರೆ ಹುಮಣಕ್ಕೆ. ಕೊನೆಗೆ ಕಲ್ಲು ತೊಳೆದ ನೀರು ನೇರ ಪಾತ್ರೆಗೆ. ಒಮ್ಮೆ ಕೂತರೆ ಮೂರು ಪದಾರ್ಥ, ಒಂದೇ ತೊಳೆತ, ಒಂದು ಹನಿಯೂ ಚೆಲ್ಲುವುದಿಲ್ಲ. ಮಿಕ್ಸರ್ ಇರುವ ಮನೆಯಲ್ಲೂ ಈ ಕ್ರಮ ಹಾಗೇ ನಡೆಯುತ್ತದೆ. ಆದರೂ ಮೊದಲು ಕೆಂಪು ಮಸಾಲೆ ಅರೆದು, ಜಾರ್ ತಿಕ್ಕಿ ತೊಳೆದು, ಆಮೇಲೆ ಚಟ್ನಿಗೆ ಕೈಹಾಕುವವರೇ ಜಾಸ್ತಿ.

ಒಲೆಯದ್ದೂ ಹಾಗೆಯೇ. ಕುಚ್ಚಿಗೆ ಅಕ್ಕಿ ಬೇಯಲು ತುಂಬ ಹೊತ್ತು ಬೇಕು. ಅದನ್ನು ಚೆನ್ನಾಗಿ ಕುದಿಸಿ, ಮುಚ್ಚಿ, ಉರಿ ತೆಗೆದ ಒಲೆಯ ಕೆಂಡ ಬೂದಿಯ ಕಾವಿಗೇ ಬಿಟ್ಟುಬಿಡುತ್ತಿದ್ದರು. ಹೆಂಗಸು ಗದ್ದೆಗೆ ಹೋಗಿ ಬರುವಷ್ಟರಲ್ಲಿ ಅನ್ನ ತನ್ನಷ್ಟಕ್ಕೇ ಅರಳಿರುತ್ತಿತ್ತು. ಮಹಾಯುದ್ಧದ ಕಾಲದಲ್ಲಿ ಇಂಧನ ಸಾಲದೆ ಇಂಗ್ಲೆಂಡಿನಲ್ಲಿ ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಬಿಸಿ ಪಾತ್ರೆ ಹುದುಗಿಸಿ ಬೇಯಿಸುವುದನ್ನು ಸರ್ಕಾರವೇ ಪ್ರಚಾರ ಮಾಡಿತು. ಈಗ ಅಂಗಡಿಯಲ್ಲಿ ಸಿಗುವ ಥರ್ಮಲ್ ಕುಕ್ಕರ್‌ನ ತತ್ವವೂ ಇದೇ.

ಯಂತ್ರಗಳು ಬಂದದ್ದು ತಡವಾಗಿ. ಹಬೆಯ ಒತ್ತಡದಲ್ಲಿ ಬೇಯಿಸುವ ಪಾತ್ರೆಯನ್ನು ಡೆನಿಸ್ ಪಾಪಿನ್ 1679ರಲ್ಲೇ ಲಂಡನ್ನಿನಲ್ಲಿ ತೋರಿಸಿದ್ದ. ನಮ್ಮ ದೇಶದಲ್ಲಿ ಹಾಕಿನ್ಸ್, ಪ್ರೆಸ್ಟೀಜ್ ಕುಕ್ಕರ್‌ಗಳ ತಯಾರಿಕೆ ಶುರುವಾದದ್ದು 1959ರ ಸುಮಾರಿಗೆ. ಒಳಗಿನ ಒತ್ತಡದಿಂದ ನೀರು 120 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಏರುತ್ತದೆ, ಬೇಳೆ ಅಷ್ಟು ಬೇಗ ಬೇಯುವುದು ಅದಕ್ಕೇ. ಮಿಕ್ಸರ್‌ನ ಕಥೆ ಇನ್ನೂ ಸ್ವಾರಸ್ಯ. ವಿದೇಶಿ ಮಿಕ್ಸರ್‌ಗಳು ಹಣ್ಣಿನ ರಸಕ್ಕೆ ಲಾಯಕ್ಕು, ನಮ್ಮ ಮಸಾಲೆ ಹಾಕಿದರೆ ಮೋಟಾರು ಸುಟ್ಟುಹೋಗುತ್ತಿತ್ತು. ಹೆಂಡತಿಯ ಮಿಕ್ಸರ್ ಹೀಗೆ ಕೆಟ್ಟ ಮೇಲೆ ಸತ್ಯಪ್ರಕಾಶ ಮಾಥುರ್ ಎಂಬ ಇಂಜಿನಿಯರ್ 1963ರಲ್ಲಿ ಸುಮೀತ್ ತಯಾರಿಸಲು ಹೊರಟರು. ಮುಂಬಯಿಯಲ್ಲಿ ದುಡಿಯುತ್ತಿದ್ದ ಮಕ್ಕಳು ರಜೆಗೆ ಬರುವಾಗ ಕಾರವಾರದ ಮನೆಗಳಿಗೆ ಇಂಥ ಪೆಟ್ಟಿಗೆಗಳನ್ನು ಹೊತ್ತು ತಂದರು. ಅಡುಗೆ ಅನಿಲ ಮುಂಬಯಿಗೆ 1955ರಲ್ಲೇ ಬಂದಿತ್ತು. ನಮ್ಮ ಹಳ್ಳಿಗಳಿಗೆ ಅದು ಎಷ್ಟೋ ವರ್ಷಗಳ ನಂತರ. ನಡುವೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರ ರೂಪಿಸಿದ ಅಸ್ತ್ರ ಒಲೆ ಬಂತು. ಒಂದೇ ಉರಿಗೆ ಮೂರು ಪಾತ್ರೆ, ಹೊಗೆ ಕೊಳವೆಯಲ್ಲಿ ಹೊರಗೆ. ಸೌದೆಯೂ ಉಳಿಯಿತು, ಕಣ್ಣೂ ಉಳಿಯಿತು.

ಇವುಗಳಲ್ಲಿ ಹೆಂಗಸಿನ ಹೊತ್ತನ್ನು ನಿಜವಾಗಿ ಉಳಿಸಿದ್ದು ಯಾವುದು ಎಂದು ಕೇಳಿದರೆ ನಾನು ಮಿಕ್ಸರ್ ಎನ್ನುವುದಿಲ್ಲ. ಅಕ್ಕಿ ಗಿರಣಿ, ನೀರಿನ ನಲ್ಲಿ, ಗ್ಯಾಸ್ ಎನ್ನುತ್ತೇನೆ. ಒನಕೆ, ಕೊಡಪಾನ, ಸೌದೆಹೊರೆ ಮನೆಯಿಂದ ಹೊರಗೆ ಹೋದದ್ದೇ ದೊಡ್ಡ ಬಿಡುಗಡೆ.

ಕುಕ್ಕರ್, ಮಿಕ್ಸರ್ ಉಳಿಸಿದ ಹೊತ್ತನ್ನು ಹೊಸ ಕೆಲಸಗಳು ನುಂಗಿದವು. ಗಂಜಿಯ ಜಾಗಕ್ಕೆ ದಿನಕ್ಕೊಂದು ತಿಂಡಿ ಬಂತು. ಮಕ್ಕಳಿಗೆ ಒಂದು ಡಬ್ಬಿ, ಯಜಮಾನರಿಗೆ ಇನ್ನೊಂದು. ಅಡುಗೆಮನೆಯ ವಿನ್ಯಾಸವೂ ಈ ಹೊರೆಯನ್ನು ಒಬ್ಬಳ ಮೇಲೇ ಬಿಟ್ಟಿತು. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಮಾರ್ಗರೇಟ ಶುಟೆ ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ, ಅಡುಗೆಮನೆಯಲ್ಲಿ ಇಡುವ ಒಂದೊಂದು ಹೆಜ್ಜೆಯನ್ನೂ ಲೆಕ್ಕ ಹಾಕಿ, ನಿಂತಲ್ಲೇ ಎಲ್ಲವೂ ಕೈಗೆ ಸಿಗುವ ಪುಟ್ಟ ಅಡುಗೆಮನೆ ವಿನ್ಯಾಸ ಮಾಡಿದಳು. ಇವತ್ತಿನ ಫ್ಲ್ಯಾಟುಗಳ ಅಡುಗೆಮನೆಗೆ ಅದೇ ಮೂಲ. ತಮಾಷೆ ಎಂದರೆ, ಅದನ್ನು ರೂಪಿಸುವ ಮುಂಚೆ ತಾನು ಅಡುಗೆಯನ್ನೇ ಮಾಡಿರಲಿಲ್ಲ ಎಂದು ಆಕೆಯೇ ಒಪ್ಪಿಕೊಂಡಿದ್ದಳು. ಆ ಅಡುಗೆಮನೆಯಲ್ಲಿ ಎಲ್ಲವೂ ಇತ್ತು, ಇನ್ನೊಬ್ಬರು ನಿಲ್ಲುವ ಜಾಗ ಮಾತ್ರ ಇರಲಿಲ್ಲ.

ಹಾಗಾದರೆ ಇವತ್ತಿಗೆ ಏನು? ಹಳೆಯ ಪಂಚಾಂಗದ ಬುದ್ಧಿಯನ್ನು ವಾರಕ್ಕೆ ಇಳಿಸಿಕೊಳ್ಳಿ. ಉರಿ ಬೇಕಾದ ಕೆಲಸ ಬೇರೆ, ಬೇಡದ ಕೆಲಸ ಬೇರೆ. ಎರಡನೆಯದನ್ನು ಊಟದ ಹೊತ್ತಿನಿಂದ ದೂರ ಸರಿಸಿ. ಮೆಣಸು, ಕೊತ್ತಂಬರಿ, ಹುಣಸೆ, ಉಪ್ಪು ಸೇರಿಸಿ ಅರೆದ ಮಸಾಲೆ ಫ್ರಿಜ್ಜಿನಲ್ಲಿ ಒಂದು ವಾರ ಧಾರಾಳ ಇರುತ್ತದೆ. ಕಾಯಿ ಬೆರೆತರೆ ಬೇಗ ಹಳಸುತ್ತದೆ, ಅದನ್ನು ಅಂದಂದೇ ಸೇರಿಸಿ. ಇಡೀ ತೆಂಗಿನಕಾಯಿಯನ್ನು ರಾತ್ರಿ ಫ್ರೀಜರಿನಲ್ಲಿಟ್ಟು ಬೆಳಿಗ್ಗೆ ಒಡೆದರೆ ಚಿಪ್ಪು ಸುಲಭವಾಗಿ ಬಿಡುತ್ತದೆ. ಮೀನು ತಂದ ದಿನವೇ ಶುಚಿ ಮಾಡಿ, ಒಂದೊಂದು ಹೊತ್ತಿನ ಪಾಲು ಕಟ್ಟಿಡಿ. ಮಸಾಲೆ ಕುದಿ ಬಂದ ಮೇಲೆ ಬಂಗಡೆ ಬೇಯಲು ಏಳೆಂಟು ನಿಮಿಷ ಸಾಕು. ಹುಮಣವನ್ನು ಎರಡು ಹೊತ್ತಿಗೆ ಒಟ್ಟಿಗೇ ಮಾಡಿ. ಮರುದಿನ ಬತ್ತಿಸಿದ ಹುಮಣದ ರುಚಿ ಗೊತ್ತಿದ್ದವರು ಇದಕ್ಕೆ ಆಕ್ಷೇಪ ಎತ್ತುವುದಿಲ್ಲ. ಇನ್ನೊಂದು ಉಪಾಯ ಕೆಲಸ ಹಂಚಿಕೊಳ್ಳುವುದು. ವರ್ಷಕ್ಕೊಮ್ಮೆ ಕೆಲವೇ ದಿನ ಬಾಗಿಲು ತೆರೆಯುವ ಸಾತೇರಿ ದೇವಿಯ ಜಾತ್ರೆಗೆ ಹಣಕೋಣದ ಮನೆಗಳು ನೆಂಟರಿಂದ ತುಂಬಿದಾಗ ಅಡುಗೆ ಹೇಗೆ ಸಾಗುತ್ತದೆ ಗಮನಿಸಿ. ತುರಿಯುವವರು ಒಬ್ಬರು, ಹೆಚ್ಚುವವರು ಒಬ್ಬರು, ಒಲೆಯ ಮುಂದೆ ಒಬ್ಬರು. ಉಳಿದ ದಿನಗಳಲ್ಲಿ ಆ ಮೂವರೂ ಒಬ್ಬಳೇ ಆಗಬೇಕೆಂದು ಏನಿದೆ?

ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ಹೇಳಿದ್ದು ಇದು: ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಮನೆಗೆಲಸ ಮಾಡುವ ಗಂಡಸರು 97 ನಿಮಿಷ. ಅದೂ ಆ ಕೆಲಸಕ್ಕೆ ಕೈ ಹಾಕುವ ಗಂಡಸರ ಲೆಕ್ಕ, ಹಾಕುವವರು ನಾಲ್ವರಲ್ಲಿ ಒಬ್ಬರು ಅಷ್ಟೇ. ಈ ಅಂತರವನ್ನು ಯಾವ ಮಿಕ್ಸರೂ ಕಡಿಮೆ ಮಾಡಲಾರದು.

ಆದ್ದರಿಂದ ರೇಡಿಯೋ ಕೇಳುತ್ತಾ ಕೂತಿರುವ ಗಂಡಸರಲ್ಲಿ ನನ್ನದೊಂದು ಬಿನ್ನಹ. ಇವತ್ತು ರಾತ್ರಿ ಮಲಗುವ ಮುಂಚೆ ನಾಳೆಯ ಅಕ್ಕಿ ನೆನೆಹಾಕಿ, ಒಂದು ಕಾಯಿ ತುರಿದಿಡಿ. ತುರಿಮಣೆ ಎಲ್ಲಿದೆ ಎಂದು ಮಾತ್ರ ಕೇಳಬೇಡಿ, ಹುಡುಕಿಕೊಳ್ಳಿ.