ತೆರಿಗೆಯೂ ಲೆಕ್ಕದ ಪುಸ್ತಕವೂ

(ಸಣ್ಣ ವ್ಯಾಪಾರಸ್ಥರ ಹಾಗೂ ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



ತೆರಿಗೆಯ ಮಾತು ಯಾರಿಗೂ ಸವಿಯಲ್ಲ. ಆದರೆ ಸವಿಯಲ್ಲದ ಮಾತನ್ನು ಕೇಳದೆ ಬಿಟ್ಟುದರ ಫಲವನ್ನು ನಮ್ಮ ನಾಡಿನ ಅಂಗಡಿಕಾರರು 2025ನೆಯ ಇಸವಿಯ ಜುಲೈ ತಿಂಗಳಲ್ಲಿ ಉಂಡರು. ಬೇಕರಿ, ಚಹದಂಗಡಿ, ಕಿರಾಣಿ ಅಂಗಡಿ ಇಟ್ಟುಕೊಂಡ ಸಾವಿರಾರು ಜನರಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟೀಸುಗಳು ಬಂದವು. ಯು.ಪಿ.ಐ. ಮೂಲಕ ಅವರ ಖಾತೆಗೆ ಜಮೆಯಾದ ಹಣವನ್ನು ಕೂಡಿಸಿ, ಅದೆಲ್ಲ ಮಾರಾಟವೇ ಎಂದೆಣಿಸಿ, ತೆರಿಗೆ ಏಕೆ ಕಟ್ಟಲಿಲ್ಲವೆಂದು ಕೇಳಲಾಗಿತ್ತು. ಹಲವರು ಅಂಜಿ, 'ನಗದು ಮಾತ್ರ' ಎಂಬ ಹಲಗೆಯನ್ನು ತೂಗಹಾಕಿದರು. ಹಳೆಯ ಬಾಕಿಗಾಗಿ ಬೆನ್ನು ಹತ್ತುವದಿಲ್ಲ, ಆದರೆ ನೋಂದಣಿಗೆ ಒಳಪಡುವವರು ನೋಂದಾಯಿಸಿಕೊಳ್ಳಲೇಬೇಕು ಎಂದು ಮುಖ್ಯಮಂತ್ರಿಗಳು ಹೇಳಿದ ಮೇಲೆ ಗದ್ದಲವು ಅಡಗಿತು. ಗದ್ದಲವು ಅಡಗಿತು, ಪಾಠವು ಉಳಿದಿದೆ.

ತೆರಿಗೆ ಕೊಡೆವೆಂದು ಅಂಕೋಲೆ, ಸಿದ್ದಾಪುರ, ಹಿರೇಕೆರೂರು ತಾಲೂಕುಗಳ ರೈತರು 1930-32ರ ಕಾಲದಲ್ಲಿ ಹೊಲಮನೆಗಳನ್ನೇ ಪಣಕ್ಕೊಡ್ಡಿದ ನಾಡಿದು. ಅವರು ಹಾಡುಹಗಲಲ್ಲಿ, ಹೆಸರು ಹೇಳಿ, ಪರಕೀಯ ಸರಕಾರಕ್ಕೆ ಕೊಡೆವೆಂದರು. ಬಂದ ಕಷ್ಟವನ್ನು ತಲೆಯ ಮೇಲೆ ಹೊತ್ತರು. ಕರನಿರಾಕರಣೆ ಬೇರೆ, ಕರವನ್ನು ಮರೆಮಾಚುವದು ಬೇರೆ. ಇಂದು ತೆರಿಗೆಯನ್ನು ಗೊತ್ತುಪಡಿಸುವವರು ನಾವೇ ಆರಿಸಿ ಕಳಿಸಿದವರು. ಆದುದರಿಂದ ನ್ಯಾಯವಾಗಿ ಸಲ್ಲಬೇಕಾದುದನ್ನು ಸಲ್ಲಿಸುವದು ನಮ್ಮ ಕರ್ತವ್ಯ. ಅದೇ ಮೇರೆಗೆ, ಕಾಯಿದೆಯು ಕೇಳದ ಒಂದು ಕಾಸನ್ನೂ ಅಂಜಿಕೆಯಿಂದ ಕೊಡದಿರುವದು ನಮ್ಮ ಹಕ್ಕು. ಈ ಎರಡಕ್ಕೂ ತಿಳಿವಳಿಕೆ ಬೇಕು.

ಮೊದಲು ಸರಕು ಮತ್ತು ಸೇವಾ ತೆರಿಗೆಯನ್ನು, ಎಂದರೆ 2017ನೆಯ ಜುಲೈ 1ರಿಂದ ನಡೆದುಬಂದ ಜಿ.ಎಸ್.ಟಿ.ಯನ್ನು, ನೋಡೋಣ. ಕರ್ನಾಟಕದಲ್ಲಿ ಬರಿಯ ಸರಕು ಮಾರುವವನು ವರ್ಷದ ಒಟ್ಟು ವಹಿವಾಟು 40 ಲಕ್ಷ ರೂಪಾಯಿಗಳನ್ನು ಮೀರಿದಾಗ ನೋಂದಾಯಿಸಿಕೊಳ್ಳಬೇಕು. ಸೇವೆ ಸಲ್ಲಿಸುವವನಿಗೆ ಈ ಮಿತಿ 20 ಲಕ್ಷ. ಇಲ್ಲಿ ಎರಡು ಸೂಕ್ಷ್ಮಗಳುಂಟು. ಮೇಜು ಹಾಕಿ ಚಹ-ತಿಂಡಿ ಬಡಿಸುವವನು ಕಾಯಿದೆಯ ಕಣ್ಣಿಗೆ ಸೇವೆ ಸಲ್ಲಿಸುವವನು. ಅವನು 40 ಲಕ್ಷದ ಮಿತಿಯನ್ನು ನಂಬಿ ಕೂಡಬಾರದು. ಇನ್ನು ತಾಜಾ ಕಾಯಿಪಲ್ಲೆ, ಹಣ್ಣುಗಳಂಥ ತೆರಿಗೆ ಇಲ್ಲದ ವಸ್ತುಗಳನ್ನಷ್ಟೇ ಮಾರುವವನಿಗೆ, ವಹಿವಾಟು ಎಷ್ಟಿದ್ದರೂ, ನೋಂದಣಿಯ ಹಂಗಿಲ್ಲ. ಆದರೆ ಅವುಗಳ ಜೊತೆಗೆ ತೆರಿಗೆಯುಳ್ಳ ಸರಕನ್ನೂ ಮಾರಿದರೆ, ಮಿತಿಯನ್ನು ಎಣಿಸುವಾಗ ಎರಡನ್ನೂ ಕೂಡಿಸಬೇಕಾಗುತ್ತದೆ.

ನೋಂದಣಿಯಾದೊಡನೆ ಅಂಗಡಿ ಮುಳುಗಿತೆಂಬುದು ಹುಸಿ ಭಯ. 1.5 ಕೋಟಿ ರೂಪಾಯಿಗಳವರೆಗಿನ ವಹಿವಾಟಿಗೆ ರಾಜಿ ತೆರಿಗೆಯ ಪದ್ಧತಿಯನ್ನು ಆರಿಸಿಕೊಳ್ಳಬಹುದು. ವ್ಯಾಪಾರಿಯು ತೆರಿಗೆಯುಳ್ಳ ವಹಿವಾಟಿನ ಮೇಲೆ ನೂರಕ್ಕೆ 1ರಂತೆ, ಮದ್ಯ ಮಾರದ ಉಪಾಹಾರಗೃಹದವನು ನೂರಕ್ಕೆ 5ರಂತೆ ಕಟ್ಟಿದರಾಯಿತು. ಮೂರು ತಿಂಗಳಿಗೊಮ್ಮೆ ಹಣ ಪಾವತಿ, ವರ್ಷಕ್ಕೊಂದು ಲೆಕ್ಕಪತ್ರ. ಆದರೆ ಈ ತೆರಿಗೆಯನ್ನು ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ. ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ವಜಾ ಹಿಡಿಯುವಂತಿಲ್ಲ. ಪರರಾಜ್ಯಕ್ಕೆ ಸರಕು ಮಾರುವಂತಿಲ್ಲ. ಇವನ್ನೆಲ್ಲ ತೂಗಿ ನೋಡಿ ಆರಿಸಿಕೊಳ್ಳಬೇಕು.

ಎರಡನೆಯದು ಆದಾಯ ತೆರಿಗೆ. ಸಣ್ಣ ವ್ಯಾಪಾರಸ್ಥನಿಗೆ ಇಲ್ಲಿ ಅಂದಾಜು ಲಾಭದ ಪದ್ಧತಿಯುಂಟು. ವಹಿವಾಟು 2 ಕೋಟಿಯೊಳಗಿದ್ದರೆ, ಅಥವಾ ನಗದು ಜಮೆಯು ನೂರಕ್ಕೆ 5ನ್ನು ಮೀರದಿದ್ದಲ್ಲಿ 3 ಕೋಟಿಯೊಳಗಿದ್ದರೆ, ಬ್ಯಾಂಕು-ಯು.ಪಿ.ಐ.ಗಳ ಮೂಲಕ ಬಂದುದಕ್ಕೆ ನೂರಕ್ಕೆ 6, ನಗದಿಗೆ ನೂರಕ್ಕೆ 8 ಲಾಭವೆಂದು ತೋರಿಸಬಹುದು. ಉದಾಹರಣೆಗೆ, 50 ಲಕ್ಷದ ವಹಿವಾಟಿನಲ್ಲಿ 35 ಲಕ್ಷ ಯು.ಪಿ.ಐ. ಮೂಲಕವೂ 15 ಲಕ್ಷ ನಗದಾಗಿಯೂ ಬಂದಿದೆಯೆನ್ನಿ. ಲಾಭವು 2.1 ಲಕ್ಷ ಮತ್ತು 1.2 ಲಕ್ಷ, ಒಟ್ಟು 3.3 ಲಕ್ಷ. ಅದೆಲ್ಲವೂ ನಗದೇ ಆಗಿದ್ದರೆ 4 ಲಕ್ಷವಾಗುತ್ತಿತ್ತು. ಈಗ ಹೇಳಿರಿ, 'ನಗದು ಮಾತ್ರ' ಎಂಬ ಹಲಗೆಯಿಂದ ಲಾಭವೋ ನಷ್ಟವೋ? ಆದರೆ ನಿಜವಾದ ಲಾಭವು ಇದಕ್ಕಿಂತ ಹೆಚ್ಚಿದ್ದರೆ ಹೆಚ್ಚನ್ನೇ ತೋರಿಸಬೇಕು. ಇದು ಸುಳ್ಳಿಗೆ ಕೊಟ್ಟ ಪರವಾನಗಿಯಲ್ಲ. ದಲಾಲಿ, ಕಮಿಶನ್ ವ್ಯವಹಾರದವರಿಗೆ ಈ ಪದ್ಧತಿ ಸಲ್ಲದು. ಇದನ್ನು ಹಿಡಿದವರಿಗೆ ತೆರಿಗೆಯು 10 ಸಾವಿರ ಮುಟ್ಟುವಂತಿದ್ದರೆ ಮುಂಗಡವನ್ನು ಮಾರ್ಚ 15ರೊಳಗೆ ಒಂದೇ ಕಂತಿನಲ್ಲಿ ತುಂಬಬೇಕು.

ಶಿಕ್ಷಕರೇ ಮೊದಲಾದ ಸಂಬಳಗಾರರಿಗೆ ಎರಡು ದಾರಿಗಳುಂಟು. 2025-26ನೆಯ ಸಾಲಿಗೆ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆ ಇಲ್ಲ. ಆದಾಯವು 12 ಲಕ್ಷವನ್ನು ಮೀರದಿದ್ದರೆ ರಿಯಾಯಿತಿಯಿಂದ ತೆರಿಗೆಯೇ ಉಳಿಯುವದಿಲ್ಲ. ಸಂಬಳಗಾರನಿಗೆ 75 ಸಾವಿರದ ಕಡಿತವೂ ಸೇರಿ ಇದು 12.75 ಲಕ್ಷವಾಗುತ್ತದೆ. ಶೇರು ಮಾರಿದ ಲಾಭದಂತಹ ಬೇರೆ ದರದ ಆದಾಯಕ್ಕೆ ಈ ರಿಯಾಯಿತಿ ಅನ್ವಯಿಸದು. ಮನೆಬಾಡಿಗೆ, ಗೃಹಸಾಲದ ಬಡ್ಡಿ, ವಿಮೆ, ಭವಿಷ್ಯನಿಧಿಗಳ ಭಾರವುಳ್ಳವರು ಹಳೆಯ ಪದ್ಧತಿಯನ್ನೂ ಲೆಕ್ಕ ಹಾಕಿ ನೋಡಬೇಕು. ಸಂಬಳಗಾರನು ವರ್ಷವರ್ಷವೂ ಆರಿಸಿಕೊಳ್ಳಬಹುದು. ವ್ಯಾಪಾರದ ಆದಾಯವುಳ್ಳವನು ಹಳೆಯದಕ್ಕೆ ಹೋದ ಮೇಲೆ ಹೊಸದಕ್ಕೆ ಒಮ್ಮೆ ಮಾತ್ರ ಮರಳಬಲ್ಲನು. 1961ರ ಕಾಯಿದೆಯ ಸ್ಥಾನದಲ್ಲಿ 2025ರ ಆದಾಯ ತೆರಿಗೆ ಕಾಯಿದೆಯು 2026ನೆಯ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಮಾಡಲ್ಪಟ್ಟಿದ್ದು, ಕಲಮುಗಳ ಅಂಕೆಗಳು ಬದಲಾಗಿವೆ. ಹಳೆಯ ಅಂಕೆಯನ್ನು ಬಾಯಿಪಾಠ ಹೇಳುವ ಸಲಹೆಗಾರನನ್ನು ಒಂದಕ್ಕೆರಡು ಸಲ ಪ್ರಶ್ನಿಸಿರಿ.

ಇನ್ನು ಎಲ್ಲರಿಗೂ ಸಲ್ಲುವ ನಾಲ್ಕು ಮಾತುಗಳು.

ಒಂದು: ಅಂಗಡಿಯ ಹಣಕ್ಕೂ ಮನೆಯ ಹಣಕ್ಕೂ ಬ್ಯಾಂಕಿನಲ್ಲಿ ಬೇರೆ ಬೇರೆ ಖಾತೆ ಇಡಿರಿ. ಅಳಿಯ ಕಳಿಸಿದ ಕೈಗಡವೂ, ತಮ್ಮ ಮರಳಿಸಿದ ಸಾಲವೂ, ಚಹದ ಹಣವೂ ಒಂದೇ ಖಾತೆಯಲ್ಲಿ ಬೆರೆತಾಗ, ಯಾವುದು ಮಾರಾಟವಲ್ಲವೆಂಬುದನ್ನು ಸಾಧಿಸುವ ಹೊರೆ ನಿಮ್ಮ ಮೇಲೆಯೇ ಬೀಳುತ್ತದೆ.

ಎರಡು: ರೋಜಿನ ಕಿರ್ದಿಯನ್ನು ಅಂದಂದೇ ಬರೆಯಿರಿ. ನಮ್ಮ ಹಿರಿಯರು ದೀಪಾವಳಿಯ ದಿನ ಖಾತೆಪುಸ್ತಕಕ್ಕೆ ಪೂಜೆ ಮಾಡುತ್ತ ಬಂದವರು. ಉಳಿದ ದಿನಗಳಲ್ಲಿ ಅದನ್ನು ತೆರೆಯದಿದ್ದರೆ ಆ ಪೂಜೆಗೆ ಅರ್ಥವೇನು?

ಮೂರು: ನಗದಿನ ಮಿತಿಗಳನ್ನು ಮೀರಬೇಡಿರಿ. 20 ಸಾವಿರ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವದು, ಒಬ್ಬನಿಂದ ಒಂದೇ ದಿನದಲ್ಲಿ 2 ಲಕ್ಷ ಅಥವಾ ಹೆಚ್ಚನ್ನು ನಗದಾಗಿ ತೆಗೆದುಕೊಳ್ಳುವದು ದಂಡಕ್ಕೆ ಗುರಿಮಾಡುತ್ತವೆ.

ನಾಲ್ಕು: ನೋಟೀಸು ಬಂದರೆ ಹರಿದೊಗೆಯಬೇಡಿರಿ, ಅಂಜಿ ಯಾರ ಕೈಯಲ್ಲೋ ಹಣವಿಡಲೂಬೇಡಿರಿ. ಆದಾಯ ತೆರಿಗೆಯ ನೋಟೀಸಾದರೆ ಅದರಲ್ಲಿ ದಾಖಲೆಯ ಗುರುತಿನ ಸಂಖ್ಯೆ ಇದೆಯೇ ಎಂದು ನೋಡಿ, ಇಲಾಖೆಯ ಜಾಲತಾಣದಲ್ಲಿ ಪರೀಕ್ಷಿಸಿರಿ. ಗುಪ್ತಪದವನ್ನು ಕೇಳುವವನು ಅಧಿಕಾರಿಯಲ್ಲ, ಮೋಸಗಾರ. ನಿಜವಾದ ನೋಟೀಸಿಗೆ ಅವಧಿಯೊಳಗೆ ಲಿಖಿತ ಉತ್ತರವನ್ನು, ಪುರಾವೆಗಳೊಡನೆ, ಕೊಡಿರಿ. ನೋಟೀಸು ಪ್ರಶ್ನೆಯೇ ಹೊರತು ತೀರ್ಪಲ್ಲ. ಉತ್ತರ ಕೊಡದಿದ್ದರೆ ಅದು ತೀರ್ಪಾಗಿ ಬೆಳೆಯಬಹುದು.

ಕೊನೆಯದಾಗಿ ಶಿಕ್ಷಕ ಬಂಧುಗಳಲ್ಲಿ ನಮ್ಮದೊಂದು ವಿಜ್ಞಾಪನೆ. ನಿಮ್ಮ ಓಣಿಯ ಅಂಗಡಿಕಾರನು ದಿನಕ್ಕೆ ಹದಿನಾಲ್ಕು ತಾಸು ದುಡಿಯುತ್ತಾನೆ. ಕಾಯಿದೆಯನ್ನು ಓದಲು ಅವನಿಗೆ ಪುರುಸೊತ್ತಿಲ್ಲ. ವಾರಕ್ಕೊಂದು ಸಂಜೆ ಅವನ ಪಕ್ಕದಲ್ಲಿ ಕುಳಿತು ಕಿರ್ದಿ ಬರೆಯುವ ಕ್ರಮವನ್ನು ತೋರಿಸಿಕೊಡಿರಿ. ಬಂದ ಕಾಗದವನ್ನು ಕನ್ನಡದಲ್ಲಿ ಬಿಡಿಸಿ ಹೇಳಿರಿ. ಲೆಕ್ಕ ಬಲ್ಲ ಪ್ರಜೆಯು ಸರಕಾರಕ್ಕೆ ಅಂಜುವದೂ ಇಲ್ಲ, ಸರಕಾರವನ್ನು ವಂಚಿಸುವದೂ ಇಲ್ಲ. ತಾನು ಕೊಟ್ಟ ಹಣವೆಲ್ಲಿ ಹೋಯಿತೆಂದು ಎದೆಯೆತ್ತಿ ಕೇಳುವ ಅಧಿಕಾರವನ್ನೂ ಗಳಿಸುತ್ತಾನೆ.