ಬಯಕೆಯ ಮಣ್ಣು



ಮಸ್ಕತ್ ನಗರದ ರೂವಿಯನ್ನು ಬಿಟ್ಟು ಅಮರಾತಿನ ಕಡೆಗೆ ಹೊರಟ ರಸ್ತೆ ಬೆಟ್ಟಗಳ ಸಂದಿನಲ್ಲಿ ನುಸುಳುವೆಡೆ ವಾದಿ ಅದಾಯ್ ಎಂಬ ಕಣಿವೆಯಿದೆ. ಹಸಿರಿನ ಹಂಗಿಲ್ಲದೆ ನಿಂತ ಕಪ್ಪು-ಕಂದು ಬೆಟ್ಟಗಳ ಬುಡದಲ್ಲಿ, ವರ್ಷದ ಬಹುಭಾಗ ಒಣಗಿಯೇ ಇರುವ ಹಳ್ಳದ ಮಗ್ಗುಲಲ್ಲಿ, ದುಡಿಮೆಗಾಗಿ ಕಡಲು ದಾಟಿ ಬಂದವರ ಮನೆಗಳು ಒತ್ತೊತ್ತಾಗಿ ನಿಂತಿವೆ; ಅವುಗಳಲ್ಲೊಂದು ನನ್ನದು. ನೆರೆಮನೆಯಲ್ಲಿರುವ ಹೆಣ್ಣುಮಗಳು ನಮ್ಮ ಸುರಪುರ ಸೀಮೆಯವಳು, ಚೊಚ್ಚಲ ಬಸುರಿ. ಈಚೆಗೊಂದು ಸಂಜೆ ಅವಳು, ಊರಿನಿಂದ ಬಂದವರ ಕೈಯಲ್ಲಿ ಅತ್ತಿಗೆ ಕಳುಹಿಸಿದ್ದ ಬಟ್ಟೆಯ ಗಂಟೊಂದನ್ನು ತಂದು ನನ್ನ ಮುಂದೆ ಬಿಚ್ಚಿದಳು. ಒಳಗಿದ್ದುದು ಮಣ್ಣಿನ ಹೆಂಟೆ. “ಅಕ್ಕಾ, ವಾಸನಿ ನೋಡ್ರಿ, ಹೊಸಾ ಮಳಿ ಬಿದ್ದಾಂಗ ಅದ. ಒಂಚೂರು ತಿಂದ್ರ ಏನಾಗ್ತದ?” ಎಂದು ಕೇಳಿದಳು. ಆ ಪ್ರಶ್ನೆಗೆ ನಾನು ಅಂದು ಕೊಟ್ಟ ಉತ್ತರವನ್ನೇ ಇಂದು ತಮ್ಮ ಮುಂದೆ ಸ್ವಲ್ಪ ವಿಸ್ತರಿಸಿ ಹೇಳಬೇಕೆಂದಿದ್ದೇನೆ.

ಬಸುರಿಯ ಬಯಕೆಯನ್ನು ನಮ್ಮ ಜನ ಎಂದೂ ಹಳಿದವರಲ್ಲ. ಹುಳಿ ಬೇಡಿದರೆ ಹುಳಿ, ಸಿಹಿ ಬೇಡಿದರೆ ಸಿಹಿ. ಗೋಡೆಯ ಮಣ್ಣು, ಒಲೆಯ ಬೂದಿ, ಮಕ್ಕಳ ಬಳಪಗಳನ್ನು ಅವಳು ಮರೆಯಲ್ಲಿ ಮೆಲ್ಲುವುದನ್ನು ಕಂಡ ಅತ್ತೆಯರು ಕಂಡೂ ಕಾಣದಂತೆ ಇದ್ದುಬಿಡುವರು. ರಕ್ತದಲ್ಲಿ ಕಬ್ಬಿಣದ ಅಂಶ ಕುಗ್ಗಿದವರಲ್ಲಿ ಈ ಬಯಕೆ ಹೆಚ್ಚೆಂದು ವೈದ್ಯರು ಬಲ್ಲರು. ಆದುದರಿಂದ ಇದು ಚಾಪಲ್ಯವಲ್ಲ, ದೇಹದ ಮೊರೆ. ಆದರೆ ಆ ಮಣ್ಣು ಯಾವ ಊರಿನದೆಂಬುದನ್ನು ವಿಚಾರಿಸುವ ರೂಢಿ ನಮ್ಮಲ್ಲಿ ಇಲ್ಲ.

ಯಾದಗಿರಿ ಜಿಲ್ಲೆಯ ಸುರಪುರದ ಸಮೀಪದಲ್ಲಿ ಮಂಗಳೂರೆಂಬ ಗ್ರಾಮವಿದೆ. ಮಸ್ಕತ್ತಿನಲ್ಲಿ ಆ ಹೆಸರೆತ್ತಿದರೆ ಎಲ್ಲರಿಗೂ ಕಡಲತೀರದ ಮಂಗಳೂರೇ ನೆನಪಾಗುವುದು ಸಹಜ. ಇದು ಬೇರೆ, ಬಯಲುಸೀಮೆಯದು, ಹಿಂದೆ ಚಿನ್ನದ ಗಣಿಯಿದ್ದ ಊರು. ಕೋಲಾರದಂತೆ, ರಾಯಚೂರಿನ ಹಟ್ಟಿಯಂತೆ, ಇಲ್ಲಿಯೂ ಚಿನ್ನವಡಗಿರುವುದು ಭೂವಿಜ್ಞಾನಿಗಳು ಹಸಿರು ಶಿಲೆಯ ಪಟ್ಟಿಯೆಂದು ಕರೆಯುವ ಅತಿ ಪುರಾತನವಾದ ಬಂಡೆಗಳಲ್ಲಿ. ಇಂಥ ಕಡೆಗಳಲ್ಲಿ ಚಿನ್ನದ ನೆರೆಯಲ್ಲೇ ಅನೇಕ ವೇಳೆ ಆರ್ಸೆನಿಕ್, ಎಂದರೆ ನಮ್ಮ ಹಿರಿಯರು ಶಂಖಪಾಷಾಣದ ರೂಪದಲ್ಲಿ ಅರಿತಿದ್ದ ವಿಷಧಾತು, ಕಬ್ಬಿಣ-ಗಂಧಕಗಳೊಡನೆ ಬೆರೆತು ಕಲ್ಲಾಗಿ ಕುಳಿತಿರುತ್ತದೆ. ಕಲ್ಲಾಗಿರುವವರೆಗೆ ಅದರ ಉಪದ್ರವ ಅಲ್ಪ. ಕಲ್ಲನ್ನು ಹಿಟ್ಟಿನಂತೆ ಅರೆದು, ಚಿನ್ನವನ್ನು ಆಯ್ದುಕೊಂಡು, ಉಳಿದುದನ್ನು ಬಯಲಿಗೆ ಚೆಲ್ಲಿದ ಮೇಲೆ ಗಾಳಿಯೂ ನೀರೂ ಅದನ್ನು ಬಿಡಿಸುತ್ತವೆ. ಗಣಿಯೇ ಇಲ್ಲದ ಕಡೆಯೂ ಬಂಡೆಯ ಬಿರುಕಿನ ನೀರು ತಾನಾಗಿ ಅದನ್ನು ಕರಗಿಸಿಕೊಂಡು ಕೊಳವೆಬಾವಿಗೆ ಬರುವುದುಂಟು.

ಆ ಗಣಿಯ ಪರಿಸರದ ಕಿರದಳ್ಳಿ ತಾಂಡಾದ ಜನರ ಅಂಗೈ ಅಂಗಾಲುಗಳು ಗಂಟುಗಂಟಾಗಿ ಒರಟಾಗಿದ್ದುದನ್ನೂ, ಮೈಮೇಲೆ ಮಚ್ಚೆಗಳೆದ್ದುದನ್ನೂ ಪರೀಕ್ಷಿಸಿದ ದೀಪಂಕರ ಚಕ್ರವರ್ತಿ ಮತ್ತು ಅವರ ಸಂಗಡಿಗರ ವರದಿ 2013ರಲ್ಲಿ ಪ್ರಕಟವಾಯಿತು. ಬಂಗಾಳದ ಬಾವಿಗಳ ಆರ್ಸೆನಿಕ್ ವಿಷವನ್ನು ಲೋಕದ ಗಮನಕ್ಕೆ ತರಲು ಜೀವಮಾನವನ್ನೇ ತೆತ್ತ ವಿಜ್ಞಾನಿ ಅವರು. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಸೂಚಿಸಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಅಲ್ಲಿ ಪರೀಕ್ಷಿಸಿದ 59 ಕೊಳವೆಬಾವಿಗಳ ನೀರಿನಲ್ಲಿ ಶೇಕಡ 79ರಷ್ಟು ಆ ಮಿತಿಯನ್ನು ಮೀರಿದ್ದವು. ಅತಿ ಕೆಟ್ಟದ್ದರಲ್ಲಿ 303 ಮೈಕ್ರೋಗ್ರಾಂ ಇತ್ತು. ಪರೀಕ್ಷೆಗೊಳಗಾದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಚರ್ಮದ ಮೇಲೆ ವಿಷದ ಗುರುತು ಮೂಡಿತ್ತು. ನೀರೇ ಪ್ರಧಾನ ಮಾರ್ಗವಾಗಿರಬೇಕೆಂದು ಭಾವಿಸಿದ ಪರೀಕ್ಷಕರು ಮಣ್ಣನ್ನೂ ಬಿಡದೆ ನೋಡಿದರು. ಹನ್ನೆರಡು ಕಡೆ ತೆಗೆದ ಮೇಲ್ಮಣ್ಣಿನಲ್ಲಿ ಆರು ಕಡೆಯದು ಕಿಲೋಗ್ರಾಮಿಗೆ 2000 ಮಿಲಿಗ್ರಾಮಿಗಿಂತಲೂ ಹೆಚ್ಚು ಆರ್ಸೆನಿಕ್ಕನ್ನು ಒಳಗೊಂಡಿತ್ತು.

ಈ ಕೊನೆಯ ಅಂಕಿಯನ್ನು ಬಸುರಿಯ ಅಂಗೈಯಲ್ಲಿಟ್ಟು ಅಳೆದು ನೋಡೋಣ. ಅಂಥ ಮಣ್ಣಿನ ಒಂದು ಗ್ರಾಂ, ಅಂದರೆ ಒಂದು ಚಿಟಿಕೆಗಿಂತ ತುಸು ಹೆಚ್ಚು, 2 ಮಿಲಿಗ್ರಾಂ ಆರ್ಸೆನಿಕ್ಕನ್ನು ಹೊತ್ತಿರುತ್ತದೆ. ಮಿತಿಯ ಅಂಚಿನಲ್ಲಿರುವ ನೀರಿನಲ್ಲಿ ಅಷ್ಟು ವಿಷ ಸಿಗಬೇಕಾದರೆ 200 ಲೀಟರ್ ಕುಡಿಯಬೇಕು. ಮಣ್ಣಿನಲ್ಲಿರುವುದೆಲ್ಲವೂ ರಕ್ತಕ್ಕೆ ಸೇರದು, ನಿಜ. ಆದರೆ ಬಯಕೆಯು ಒಂದು ಚಿಟಿಕೆಗೆ, ಒಂದು ದಿನಕ್ಕೆ ನಿಲ್ಲುವಂತಹದೂ ಅಲ್ಲ.

ಪರೀಕ್ಷಕರ ಕಣ್ಣಿಗೆ ಬಿದ್ದುದು ಹುಟ್ಟಿದವರ ಚರ್ಮ. ಗರ್ಭಸ್ಥ ಶಿಶುವಿನ ಅಂಗೈ ಅವರ ಕಣ್ಣಿಗೆ ಕಾಣದು. ತಾಯಿಗೂ ಮಗುವಿಗೂ ನಡುವೆ ಇರುವ ಮಾಸು, ಎಂದರೆ ಜರಾಯು, ಕೋಟೆಯಂತೆ ಕಾಯುತ್ತದೆಂಬ ನಂಬಿಕೆ ವೈದ್ಯರಲ್ಲಿಯೂ ಬಹುಕಾಲ ಇತ್ತು. ಜಪಾನಿನ ಮಿನಮಾತದಲ್ಲಿ, ಅಲ್ಲಿ ತಪ್ಪು ಕಾರ್ಖಾನೆಯದೇ ಹೊರತು ಗಣಿಯದಲ್ಲ, 1956ರಲ್ಲಿ ಪಾದರಸದ ರೋಗ ಬೆಳಕಿಗೆ ಬಂದ ಮೇಲೆ, ತಾಯಂದಿರು ಬಹುಮಟ್ಟಿಗೆ ಸ್ವಸ್ಥರಾಗಿದ್ದು ಮಕ್ಕಳು ಮಾತ್ರ ಅಂಗವಿಕಲರಾಗಿ ಹುಟ್ಟಿದುದನ್ನು ಕಂಡು ಆ ನಂಬಿಕೆ ಕುಸಿಯಿತು. ಮಗುವಿನ ಹೊಕ್ಕುಳಬಳ್ಳಿಯ ತುಂಡನ್ನು ಒಣಗಿಸಿ ಪೆಟ್ಟಿಗೆಯಲ್ಲಿ ಜೋಪಾನವಾಗಿಡುವ ಸಂಪ್ರದಾಯ ಆ ನಾಡಿನಲ್ಲುಂಟು. ವೈದ್ಯ ಹರಾದ ಮಸಜುಮಿ ಮನೆಮನೆಗಳಿಂದ ಆ ಒಣಬಳ್ಳಿಗಳನ್ನು ಸಂಗ್ರಹಿಸಿ ಪರೀಕ್ಷಿಸಿದಾಗ, ವರ್ಷಗಳ ಹಿಂದೆ ಗರ್ಭವನ್ನು ಹೊಕ್ಕ ಪಾದರಸ ಅವುಗಳಲ್ಲಿ ಹಾಗೆಯೇ ಇತ್ತು. ತಾಯ್ತನದ ಮಮತೆ ಕಾಪಾಡಿಟ್ಟ ವಸ್ತುವೇ ಸಾಕ್ಷ್ಯವಾದುದನ್ನು ಓದಿದ ದಿನ ನನಗೆ ಬಹಳ ಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ.

ಮಾಸು ಕೋಟೆಯಲ್ಲ, ಅದೊಂದು ಬಾಗಿಲು, ಮಗುವಿಗೆ ಬೇಕಾದುದನ್ನು ಕರೆದು ಕೊಡಲೆಂದೇ ಇರುವ ಬಾಗಿಲು. ಲೋಹಗಳು ಅದನ್ನು ಮುರಿದು ಒಳಹೊಗುವುದಿಲ್ಲ, ಬೇಕಾದವರ ವೇಷದಲ್ಲಿ ಬರುತ್ತವೆ. ಆರ್ಸೆನಿಕ್ಕಿನ ಒಂದು ರೂಪ ರಂಜಕಾಂಶವನ್ನು ಹೋಲುತ್ತದೆ. ಸೀಸವು ಸುಣ್ಣದ ಅಂಶವಾದ ಕ್ಯಾಲ್ಸಿಯಮ್ಮನ್ನು ಅನುಕರಿಸುತ್ತದೆ. ಕ್ಯಾಡ್ಮಿಯಂ ಮಾಸಿನಲ್ಲಿಯೇ ಬಹುಮಟ್ಟಿಗೆ ಸಿಕ್ಕಿಬಿದ್ದು ಪೋಷಣೆಯ ಕೆಲಸವನ್ನು ಕೆಡಿಸುತ್ತದೆ. ಆರ್ಸೆನಿಕ್ ಹೆಚ್ಚಿರುವ ನೀರು ಕುಡಿದ ತಾಯಂದಿರಲ್ಲಿ ಗರ್ಭನಷ್ಟವೂ ಶಿಶುಮರಣವೂ ಹೆಚ್ಚೆಂಬುದು ಬಾಂಗ್ಲಾದೇಶದ ಮತ್ಲಬಿನಲ್ಲಿ ನಡೆದ ದೀರ್ಘ ಪರಿಶೀಲನೆಯಿಂದ ಕಂಡುಬಂದಿದೆ.

ಇಲ್ಲಿ ವಾದಿ ಅದಾಯಿಯ ನನ್ನಂತಹವರು ಕೇಳಬಹುದು: ನಾವು ಊರು ಬಿಟ್ಟು ಬಂದೆವಲ್ಲ, ಕಡಲ ನೀರಿನ ಉಪ್ಪು ತೆಗೆದು ಶೋಧಿಸಿದ ನೀರನ್ನು ಕುಡಿಯುತ್ತೇವಲ್ಲ, ಇನ್ನೇನು ಭಯ? ಆರ್ಸೆನಿಕ್ಕಿನ ಮಟ್ಟಿಗೆ ಈ ಮಾತಿನಲ್ಲಿ ತಥ್ಯವಿದೆ. ಒಳ್ಳೆಯ ನೀರಿಗೆ ಬದಲಾದರೆ ರಕ್ತದಲ್ಲಿರುವ ಆರ್ಸೆನಿಕ್ ಬಹುಪಾಲು ಕೆಲವೇ ದಿನಗಳಲ್ಲಿ ಮೂತ್ರದ ಮೂಲಕ ಹೊರಟುಹೋಗುತ್ತದೆ. ಸೀಸದ ಕಥೆ ಹಾಗಲ್ಲ. ವಯಸ್ಕರ ದೇಹದಲ್ಲಿರುವ ಸೀಸದ ಶೇಕಡ 90ಕ್ಕೂ ಹೆಚ್ಚಿನ ಪಾಲು ಎಲುಬಿನಲ್ಲಿ ದಶಕಗಟ್ಟಲೆ ನೆಲಸಿರುತ್ತದೆ. ಗರ್ಭದಲ್ಲಿ ಮಗುವಿನ ಎಲುಬು ಕಟ್ಟಲು ಸುಮಾರು 30 ಗ್ರಾಂ ಕ್ಯಾಲ್ಸಿಯಂ ಬೇಕು, ಅದೂ ಹೆಚ್ಚಾಗಿ ಕೊನೆಯ ಮೂರು ತಿಂಗಳಲ್ಲಿ. ತಾಯಿಯ ಊಟದಲ್ಲಿ ಅದು ಸಾಲದಿದ್ದರೆ ಅವಳ ಎಲುಬು ಕರಗಿ ತನ್ನ ಗಂಟನ್ನು ಬಿಚ್ಚುತ್ತದೆ, ಬಾಲ್ಯದಲ್ಲಿ ಎಂದೋ ಸೇರಿದ ಸೀಸವೂ ಅದರೊಡನೆ ಹೊರಬರುತ್ತದೆ. ಹೀಗೆ ಹೆಣ್ಣುಮಗಳು ತವರಿನ ಅಂಗಳವನ್ನು ತನ್ನ ಎಲುಬಿನಲ್ಲಿ ಹೊತ್ತು ಕಡಲು ದಾಟುತ್ತಾಳೆ. ರಾಗಿ, ಹಾಲು, ಸೊಪ್ಪುಗಳನ್ನೂ ವೈದ್ಯರು ಕೊಡುವ ಕಬ್ಬಿಣದ ಮಾತ್ರೆಯನ್ನೂ ನಾನು ಇಷ್ಟು ಒತ್ತಿ ಹೇಳುವುದು ಪುಷ್ಟಿಗಾಗಿ ಮಾತ್ರವಲ್ಲ: ಕಬ್ಬಿಣ ಸಾಲದ ಕರುಳು ಕಬ್ಬಿಣಕ್ಕಾಗಿ ಅಗಲವಾಗಿ ತೆರೆದ ದಾರಿಯಲ್ಲಿ ಸೀಸವನ್ನೂ ಕ್ಯಾಡ್ಮಿಯಮ್ಮನ್ನೂ ಹೆಚ್ಚಾಗಿ ಒಳಗೆ ಬಿಡುತ್ತದೆ.

ಈ ಒಮಾನ್ ನಾಡೂ ಲೋಹಗಳ ನಾಡೇ. ಸುಮೇರಿಯದ ಪ್ರಾಚೀನ ಶಾಸನಗಳು ಮಗನ್ ಎಂದು ಕರೆದ ತಾಮ್ರದ ದೇಶ ಇದೆಂದು ವಿದ್ವಾಂಸರ ಮತ. ಸೊಹಾರಿನಲ್ಲಿ 1983ರಲ್ಲಿ ತಾಮ್ರದ ಕುಲುಮೆ ಮತ್ತೆ ಉರಿಯಿತು. ಆದರೆ ಇಲ್ಲಿಯ ಗರ್ಭಿಣಿಯರಿಗೂ ಬಾಣಂತಿಯರಿಗೂ ನಾನು ಹೇಳಬೇಕಾದುದು ಗಣಿಯ ಮಾತಲ್ಲ, ಮನೆಯ ಮಾತು. ಬಿಂತ್ ಅಲ್ ಧಹಬ್, ಅಂದರೆ ಚಿನ್ನದ ಮಗಳು, ಎಂಬ ಮುದ್ದಾದ ಹೆಸರಿನ ಹಳದಿ ಪುಡಿಯೊಂದನ್ನು ಹಸುಗೂಸಿನ ಹೊಟ್ಟೆನೋವಿಗೆ ಕೊಡುವ ಪದ್ಧತಿ ಒಮಾನಿನಲ್ಲಿ ದಾಖಲಾಗಿದೆ. ಪರೀಕ್ಷಿಸಿದಾಗ ಅದು ಚಿನ್ನವಲ್ಲ, ಸೀಸದ ಭಸ್ಮ. ಹಾಗೆಯೇ ಕಣ್ಣಿಗೆ ಹಚ್ಚುವ ಕಲ್ಲಿನ ಸುರ್ಮವು ಅನೇಕ ವೇಳೆ ಸೀಸದ ಅದಿರಿನ ಪುಡಿಯೇ. ನಮ್ಮಜ್ಜಿಯರು ಹರಳೆಣ್ಣೆಯ ದೀಪದಿಂದ ಹಿಡಿದ ಕಾಡಿಗೆ ಬರಿಯ ಮಸಿ, ಅದರಲ್ಲಿ ಈ ಸೀಸವಿಲ್ಲ. ಎರಡೂ ಕಪ್ಪಗಿವೆಯೆಂದು ಒಂದೇ ಎಂದು ತಿಳಿಯಬಾರದು.

ಇನ್ನೊಂದು ಭ್ರಮೆಯನ್ನೂ ಬಿಡಿಸಬೇಕು. ನೀರು ಕೆಟ್ಟಿದ್ದರೆ ಕಾಯಿಸಿ ಕುಡಿಯಿರೆಂದು ನಾವು ತಲೆಮಾರಿನಿಂದ ಕಲಿಸಿದ್ದೇವೆ. ಕಾಯಿಸಿದರೆ ಕ್ರಿಮಿಗಳು ಸಾಯುವುವು, ಲೋಹಕ್ಕೆ ಸಾವಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದು ಗಾಢವಾಗುತ್ತದೆ. ಬಣ್ಣ, ವಾಸನೆ, ರುಚಿಗಳಿಂದ ಆರ್ಸೆನಿಕ್ಕನ್ನು ಗುರುತಿಸಲಾಗದು. ಬಾವಿಯ ನೀರನ್ನು ಪರೀಕ್ಷೆಗೆ ಕಳುಹಿಸಬೇಕು, ಒಂದು ಬಾವಿಯನ್ನಲ್ಲ, ಪ್ರತಿಯೊಂದನ್ನೂ, ಏಕೆಂದರೆ ನೆರೆಹೊರೆಯ ಎರಡು ಬಾವಿಗಳಲ್ಲಿ ಒಂದು ಅಮೃತವಾಗಿ ಇನ್ನೊಂದು ವಿಷವಾಗಿರಬಹುದು. ಗಣಿಸೀಮೆಯಲ್ಲಿ ಹುಟ್ಟಿದವಳು ವೈದ್ಯರ ಬಳಿಗೆ ಹೋದಾಗ ಇಂದಿನ ವಿಳಾಸದ ಜೊತೆಗೆ ತಾನು ಬಾಲ್ಯದಲ್ಲಿ ಕುಡಿದ ಬಾವಿಯ ಊರನ್ನೂ ಹೇಳಬೇಕು. ಅವರು ಕೇಳದಿದ್ದರೂ ಹೇಳಬೇಕು.

ಇಷ್ಟನ್ನೂ ಅಂದು ಅವಳಿಗೆ ನಾನು ಇದೇ ಕ್ರಮದಲ್ಲಿ ಹೇಳಲಿಲ್ಲ; ನಡುನಡುವೆ ಅವಳು ಕೇಳುತ್ತಿದ್ದಳು, ನಾನು ತಡವರಿಸುತ್ತಿದ್ದೆ. ಕೊನೆಗೆ ಗಂಟನ್ನು ಮತ್ತೆ ಕಟ್ಟಿ, “ಹಂಗಾದ್ರ ತುಳಸಿ ಕುಂಡ್ಯಾಗ ಹಾಕ್ಲೇನ್ರಿ?” ಎಂದಳು. ತುಳಸಿಯ ಎಲೆ ನಾಳೆ ಕೂಸಿನ ನೆಗಡಿಗೆ ಬೇಕಾಗುವುದೆಂದು ನೆನೆದು ಬೇಡವೆಂದೆ. ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದವಳು ತಟ್ಟನೆ ದೂರವಾಣಿಯನ್ನು ಕೈಗೆತ್ತಿಕೊಂಡು ಊರಿಗೆ ಕರೆ ಮಾಡಿದಳು. ಕುಶಲಪ್ರಶ್ನೆಯೂ ಇಲ್ಲದೆ ಅವಳು ಕೇಳಿದ ಮೊದಲ ಮಾತು ಇದು: “ವೈನಿ, ನೀವು ಈಗ ಯಾವ ಬೋರಿನ ನೀರು ಕುಡೀತೀರಿ?” ಮಣ್ಣನ್ನು ಕಳುಹಿಸಿದ ಆ ಅತ್ತಿಗೆಗೂ ಆಗ ಐದು ತಿಂಗಳು ತುಂಬಿತ್ತು.